ಬೆಳಿಗ್ಗೆ ಕಾರಿನ ಒಂದು ಮೂಲೆ ಕುಸಿದಿದ್ದರೆ ಮೊದಲು ಸೋರಿಕೆ ಹುಡುಕಿಸಿ, ಕಂಪ್ರೆಸರ್ ಆಮೇಲೆ

ಏರ್ ಸಸ್ಪೆನ್ಶನ್ (ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಕಾರು ನಿಲ್ಲುವ ವ್ಯವಸ್ಥೆ) ಇರುವ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ದುಡ್ಡು ಕಳೆದುಕೊಳ್ಳುವುದು ಹೆಚ್ಚುಕಮ್ಮಿ ಒಂದೇ ದಾರಿಯಲ್ಲಿ. ರಾತ್ರಿ ನೆಟ್ಟಗೆ ನಿಂತಿದ್ದ ಬೆನ್ಜ್ ಎಸ್-ಕ್ಲಾಸ್ ಬೆಳಿಗ್ಗೆ ಮುಂದಿನ ಎಡ ಚಕ್ರದ ಮೇಲೆ ಮಂಡಿಯೂರಿರುತ್ತದೆ. ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಲ್ಲುತ್ತದೆ, ಹಾಗಾಗಿ ವಾರಗಟ್ಟಲೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಒಂದು ದಿನ ಏಳುವುದೇ ಇಲ್ಲ. ಗ್ಯಾರೇಜಿನವರು ಆ ಚೀಲಗಳಿಗೆ ಗಾಳಿ ತುಂಬುವ ಕಂಪ್ರೆಸರ್ ಹೋಗಿದೆ ಅನ್ನುತ್ತಾರೆ. ಹೋಗಿರುವುದೂ ನಿಜ. ಹೊಸದು ಕೂರಿಸಿದ ಮೇಲೆ ಕಾರು ಏಳುತ್ತದೆ, ಬಿಲ್ ಕಟ್ಟಿ ಮನೆಗೆ ಬರುತ್ತೀರಿ. ಕೆಲವೇ ತಿಂಗಳಲ್ಲಿ ಆ ಹೊಸ ಕಂಪ್ರೆಸರೂ ಸುಡುತ್ತದೆ, ಯಾಕೆಂದರೆ ಗಾಳಿ ಸೋರುತ್ತಿದ್ದ ಜಾಗವನ್ನು ಯಾರೂ ಮುಟ್ಟಿಯೇ ಇಲ್ಲ.

ಈ ಕಂಪ್ರೆಸರನ್ನು ಗಂಟೆಗಟ್ಟಲೆ ಓಡಲೆಂದು ಮಾಡಿಲ್ಲ. ಟೈರಿನಲ್ಲಿ ಎರಡೂವರೆ ಬಾರ್ ಆಸುಪಾಸು ಗಾಳಿ ಇದ್ದರೆ, ಇದು ಹತ್ತು ಬಾರ್ ಮೀರಿದ ಒತ್ತಡ ಕೊಡಬೇಕು. ಅದೂ ನಿಮಿಷಗಳ ಲೆಕ್ಕದಲ್ಲಿ ಓಡಿ, ನಿಂತು, ತಣ್ಣಗಾಗುತ್ತ. ಎಲ್ಲೋ ಸೋರುತ್ತಿದ್ದರೆ ದಿನವಿಡೀ ಓಡುತ್ತಲೇ ಇರುತ್ತದೆ. ಪಿಸ್ಟನ್ ರಿಂಗ್ ಸವೆಯುತ್ತದೆ, ಡ್ರೈಯರ್‌ನಲ್ಲಿರುವ ಸಿಲಿಕಾ ಕಾಳು ತೇವ ಹೀರಿ ಹೀರಿ ಪುಡಿಯಾಗುತ್ತದೆ. ಪೈಪ್ ಬಿಚ್ಚಿದಾಗ ತುದಿಯಲ್ಲಿ ಸುಣ್ಣದಂಥ ಬಿಳಿ ಪುಡಿ ಕಂಡರೆ ಡ್ರೈಯರ್ ಮುಗಿದಿದೆ, ಆ ಪುಡಿ ನಾಲ್ಕೂ ಮೂಲೆಗೆ ಗಾಳಿ ಹಂಚುವ ವಾಲ್ವ್ ಬ್ಲಾಕಿನ ಒಳಗೂ ಸೇರಿರಬಹುದು ಎಂದು ತಿಳಿಯಿರಿ.

ಪತ್ತೆ ಕೆಲಸ ಶುರುವಾಗುವುದು ಒಂದು ಅಳತೆ ಟೇಪಿನಿಂದ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ಸಾಮಾನ್ಯ ಎತ್ತರಕ್ಕೆ ಬರಲು ಬಿಡಿ. ಆಫ್ ಮಾಡಿ, ನಾಲ್ಕೂ ಕಡೆ ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಮಿಲಿಮೀಟರ್‌ನಲ್ಲಿ ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಲಾಕ್ ಮಾಡಿ, ಎಂಟರಿಂದ ಹನ್ನೆರಡು ಗಂಟೆ ಬಾಗಿಲು ತೆಗೆಯದೆ ಬಿಟ್ಟು ಮತ್ತೆ ಅಳೆಯಿರಿ. ನಾಲ್ಕೂ ಕಡೆ ಒಂದೇ ಸಮ ಮೂರರಿಂದ ಐದು ಮಿಲಿಮೀಟರ್ ಇಳಿದಿದ್ದರೆ ಗಾಬರಿ ಬೇಡ. ಸಂಜೆ 30 ಡಿಗ್ರಿ ಇದ್ದದ್ದು ಬೆಳಗಿನ ಜಾವ 18ಕ್ಕೆ ಬಂದರೆ ಒಳಗಿನ ಗಾಳಿಯೇ ಶೇಕಡಾ 4ರಷ್ಟು ಕುಗ್ಗುತ್ತದೆ. ಒಂದೇ ಮೂಲೆ ಇಪ್ಪತ್ತು, ಮೂವತ್ತು ಮಿಲಿಮೀಟರ್ ಇಳಿದಿದ್ದರೆ ಅದು ಸೋರಿಕೆಯೇ.

ಲ್ಯಾಂಡ್ ರೋವರ್ ಇರುವವರು ಇಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಡಿಸ್ಕವರಿ 3ರಂಥ ಗಾಡಿಗಳಲ್ಲಿ ಕಂಟ್ರೋಲ್ ಯೂನಿಟ್ ನಿಲ್ಲಿಸಿದ ಮೇಲೂ ಕೆಲವು ಗಂಟೆಗೊಮ್ಮೆ ಎಚ್ಚರಗೊಂಡು, ಅತಿ ಕೆಳಗಿರುವ ಮೂಲೆಯ ಮಟ್ಟಕ್ಕೆ ಉಳಿದ ಮೂರನ್ನೂ ಇಳಿಸಿಬಿಡುತ್ತದೆ. ಸೋರುವುದು ಒಂದು ಕಡೆ, ಕುಸಿಯುವುದು ಇಡೀ ಗಾಡಿ. ಇದನ್ನು ನೋಡಿ ನಾಲ್ಕೂ ಹೋಗಿವೆ ಎಂದು ನಾಲ್ಕು ಏರ್ ಸ್ಪ್ರಿಂಗ್‌ಗೂ ಎಸ್ಟಿಮೇಟ್ ಬರೆಯುತ್ತಾರೆ. ಅಳತೆಗೆ ಮೊದಲು ಸಸ್ಪೆನ್ಶನ್ನಿನ ಫ್ಯೂಸ್ ತೆಗೆದಿಟ್ಟರೆ ನಿಜವಾಗಿ ಸೋರುವ ಮೂಲೆ ಮಾತ್ರ ಇಳಿಯುತ್ತದೆ.

ಅಳತೆ ಕೈಗೆ ಬಂದ ಮೇಲೆ ಅರ್ಧ ಉತ್ತರ ಸಿಕ್ಕಂತೆ. ಒಂದೇ ಮೂಲೆ ಇಳಿದಿದ್ದರೆ ಆ ಕಡೆಯ ಏರ್ ಸ್ಟ್ರಟ್ (ಗಾಳಿ ಚೀಲ, ಶಾಕ್ ಅಬ್ಸಾರ್ಬರ್ ಸೇರಿದ ಕಂಬ), ಅದರ ಪೈಪ್, ಎರಡು ತುದಿಯ ಫಿಟ್ಟಿಂಗ್, ವಾಲ್ವ್ ಬ್ಲಾಕಿನಲ್ಲಿ ಅದಕ್ಕೆ ಸೇರಿದ ವಾಲ್ವ್, ಇಷ್ಟರಲ್ಲೇ ಎಲ್ಲೋ ಇದೆ. ರಾತ್ರಿಯಿಡೀ ಎತ್ತರ ಬದಲಾಗಿಲ್ಲ, ಆದರೆ ಏಳುವುದು ಮಾತ್ರ ತೀರಾ ನಿಧಾನ ಅಂದರೆ ಕಂಪ್ರೆಸರ್ ಮತ್ತು ವಾಲ್ವ್ ಬ್ಲಾಕ್ ನಡುವಿನ ಪೈಪ್ ನೋಡಿ. ವಾಲ್ವ್‌ಗಳು ಮುಚ್ಚಿರುವುದರಿಂದ ಅಲ್ಲಿ ಸೋರಿದರೆ ಕಾರು ಕುಸಿಯುವುದಿಲ್ಲ, ಕಂಪ್ರೆಸರ್ ಒಂದೇ ಸವೆಯುತ್ತದೆ. ಎಂಜಿನ್ ಓಡುತ್ತಿರುವಾಗಲೂ ಒಂದು ಕಡೆ ತಗ್ಗಾಗಿದ್ದು, ರಾತ್ರಿ ಅದೇ ಎತ್ತರದಲ್ಲಿ ಉಳಿದರೆ ಗಾಳಿಯ ತಂಟೆಯೇ ಅಲ್ಲ. ಎತ್ತರ ಅಳೆಯುವ ಲೆವೆಲ್ ಸೆನ್ಸರಿನ ಸಣ್ಣ ಕಡ್ಡಿ ಮುರಿದಿದೆಯೋ ಬಾಗಿದೆಯೋ ನೋಡಿಸಿ.

ಇನ್ನು ಸೋಪು ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಪಾಲಿಗೆ ಹತ್ತು ಪಾಲು ನೀರು, ಒಂದು ಸಣ್ಣ ಬ್ರಷ್, ಒಳ್ಳೆಯ ಟಾರ್ಚ್ ಸಾಕು. ಹೆಚ್ಚಿನವರು ಸ್ಪ್ರೇ ಹೊಡೆದು ಹತ್ತು ಸೆಕೆಂಡ್ ನೋಡಿ ಏನೂ ಇಲ್ಲ ಅನ್ನುತ್ತಾರೆ. ಸಣ್ಣ ಸೋರಿಕೆಯಲ್ಲಿ ದೊಡ್ಡ ಗುಳ್ಳೆ ಏಳುವುದಿಲ್ಲ. ಹಾಲು ಕಾಯುವ ಮುನ್ನ ಅಂಚಿನಲ್ಲಿ ಕಟ್ಟುವ ನೊರೆಯ ಹಾಗೆ ಬೆಳ್ಳನೆ ಒಂದು ಗೆರೆ ನಿಧಾನವಾಗಿ ಕೂಡುತ್ತದೆ. ಮೂರ್ನಾಲ್ಕು ನಿಮಿಷ ಕಣ್ಣಿಟ್ಟು ಕಾಯಬೇಕು. ಬಹುಪಾಲು ಬಿರುಕು ಬರುವುದು ಬೆಲ್ಲೋದ, ಅಂದರೆ ಆ ರಬ್ಬರ್ ಚೀಲದ, ಕೆಳಭಾಗದಲ್ಲಿ ರಬ್ಬರ್ ಒಳಕ್ಕೆ ಮಡಚಿಕೊಳ್ಳುವ ಜಾಗದಲ್ಲಿ, ಹಗಲಿರುಳು ಉರುಳುವುದು ಅಲ್ಲೇ. ಸಾಮಾನ್ಯ ಎತ್ತರದಲ್ಲಿ ಆ ಮಡಿಕೆ ಬಿರುಕನ್ನು ಮುಚ್ಚಿಕೊಂಡಿರುತ್ತದೆ. ಕಾರನ್ನು ಅತಿ ಎತ್ತರದ ಮಟ್ಟಕ್ಕೆ ಏರಿಸಿ, ಬಾಡಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು, ಮಣ್ಣು ತೊಳೆದು, ಮತ್ತೆ ಹಚ್ಚಿ ನೋಡಿ. ಸ್ಟ್ರಟ್ಟಿನ ತಲೆಯ ಫಿಟ್ಟಿಂಗ್, ರಬ್ಬರನ್ನು ಹಿಡಿದಿರುವ ಲೋಹದ ಬಳೆ, ಇವನ್ನೂ ಬಿಡಬೇಡಿ. ಕೆಲವು ಸ್ಟ್ರಟ್‌ಗಳಲ್ಲಿ ಬೆಲ್ಲೋ ಸುತ್ತ ಅಲ್ಯುಮಿನಿಯಂ ಕವಚ ಇರುವುದರಿಂದ ನೊರೆ ಕಾಣುವುದು ಕವಚದ ಅಂಚಿನಲ್ಲಿ ಮಾತ್ರ. ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರು ಪೈಪಿನ ಉದ್ದಕ್ಕೂ ಬೆರಳಾಡಿಸಿ ನೋಡಿ, ಇಲಿ ಕಡಿದ ಗುರುತು ಕೈಗೇ ಸಿಗುತ್ತದೆ. ರಬ್ಬರ್ ತೊಳೆಯಲು ಪೆಟ್ರೋಲ್, ಡೀಸೆಲ್ ಬೇಡವೇ ಬೇಡ.

ನೊರೆ ಎಲ್ಲೂ ಏಳದಿದ್ದರೆ ವಾಲ್ವ್ ಬ್ಲಾಕಿನ ಸರದಿ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಬ್ಲಾಕಿನಲ್ಲಿ ಎಡ ಬಲ ಮೂಲೆಗಳ ಪೈಪ್ ಅದಲು ಬದಲು ಮಾಡಿ. ಹಾಗೇ ಓಡಿಸಬಾರದು. ಟೆಸ್ಟರ್‌ನಿಂದ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಗ್ಯಾರೇಜಿನ ಉಪಕರಣ) ಎರಡಕ್ಕೂ ಗಾಳಿ ತುಂಬಿಸಿ, ಆಮೇಲೆ ಸಿಸ್ಟಮ್ ತಾನಾಗಿ ಎಡವಟ್ಟು ಮಾಡಿಕೊಳ್ಳದಂತೆ ಫ್ಯೂಸ್ ತೆಗೆದಿಟ್ಟು, ಚಕ್ರದ ಮೇಲೆ ಇಳಿಸಿ, ರಾತ್ರಿ ಬಿಟ್ಟು ಅಳೆಯಿರಿ. ಕುಸಿತ ಎಡದಿಂದ ಬಲಕ್ಕೆ ಹೋದರೆ ತಪ್ಪು ಬ್ಲಾಕಿನದು, ಎಡದಲ್ಲೇ ಉಳಿದರೆ ಸ್ಟ್ರಟ್ ಅಥವಾ ಪೈಪಿನದು. ಸ್ಟ್ರಟ್‌ಗೆ ಹೋಲಿಸಿದರೆ ಬ್ಲಾಕ್ ಅಗ್ಗ. ಅದಕ್ಕೇ ಸ್ಟ್ರಟ್ ಆರ್ಡರ್ ಮಾಡುವ ಮುಂಚೆ ಈ ಪರೀಕ್ಷೆ ಆಗಲೇಬೇಕು ಎಂದು ಪಟ್ಟು ಹಿಡಿಯಿರಿ.

ಪೈಪ್ ಬಿಚ್ಚಿದ ಮೇಲೆ ಹಳೆಯ ಹಿತ್ತಾಳೆ ಫಿಟ್ಟಿಂಗನ್ನೇ ತಿರುಗಿಸಿ ಬಿಗಿಯುವುದು ಹೊಸ ಸೋರಿಕೆಗೆ ದಾರಿ. ಪೈಪಿನ ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ಯದೆ ಪೈಪ್ ಕಟರಿನಿಂದ ನೇರವಾಗಿ ಕತ್ತರಿಸಿ, ಹೊಸ ಫಿಟ್ಟಿಂಗ್ ಹಾಕಬೇಕು. ಬಿರುಕಿಗೆ ಪಂಕ್ಚರ್ ಸೊಲ್ಯೂಶನ್ ಹಚ್ಚುವ, ಟೈರ್ ಸೀಲೆಂಟ್ ತುಂಬುವ ಐಡಿಯಾಗಳನ್ನು ಯಾರಾದರೂ ಹೇಳಿದರೆ ಕಾರು ವಾಪಸ್ ತನ್ನಿ. ಉರುಳುವ ಮಡಿಕೆಯಲ್ಲಿ ಪ್ಯಾಚ್ ನಿಲ್ಲುವುದಿಲ್ಲ, ಸೀಲೆಂಟ್ ವಾಲ್ವ್ ಬ್ಲಾಕನ್ನೂ ಕೆಡಿಸುತ್ತದೆ.

ಹೊಸ ಸ್ಟ್ರಟ್ ಹಾಕಿದ ದಿನವೇ ಹರಿದುಹೋಗುವುದೂ ಉಂಟು. ಗಾಳಿ ತುಂಬದೆ ಜಾಕ್ ಇಳಿಸಿದರೆ ಕಾರಿನ ಭಾರಕ್ಕೆ ರಬ್ಬರ್ ಅಡ್ಡಾದಿಡ್ಡಿ ಮಡಚಿ ಹಿಸುಕಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಟೆಸ್ಟರ್‌ನಿಂದ ಗಾಳಿ ತುಂಬಿಸಿ, ಬೆಲ್ಲೋ ದುಂಡಗೆ ಉಬ್ಬಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಇಳಿಸಬೇಕು.

ಮನೆಯಲ್ಲೇ ನೋಡುವ ಉತ್ಸಾಹ ಇರುವವರಿಗೆ ಒಂದು ಕಟ್ಟುನಿಟ್ಟಿನ ಮಾತು. ಗಾಳಿಯ ಮೇಲೆ ನಿಂತ ಕಾರಿನ ಕೆಳಗೆ ತಲೆಯಲ್ಲ, ಕೈಯನ್ನೂ ಹಾಕಬೇಡಿ. ಫಿಟ್ಟಿಂಗ್ ಸಡಿಲಿಸಿದರೆ ಆ ಮೂಲೆ ಧಡಕ್ಕನೆ ಬೀಳುತ್ತದೆ. ಯಾರೋ ಬಾಗಿಲು ತೆಗೆದರೂ ಸಾಕು, ಸಿಸ್ಟಮ್ ಎಚ್ಚರಗೊಂಡು ತಾನೇ ಕಾರನ್ನು ಇಳಿಸಬಹುದು. ಜಾಕ್ ಮೋಡ್ (ಜಾಕ್ ಹಾಕುವಾಗ ಸಸ್ಪೆನ್ಶನ್ ತಾನಾಗಿ ಅಲುಗದಂತೆ ತಡೆಯುವ ಸೆಟ್ಟಿಂಗ್) ಇದ್ದರೆ ಹಾಕಿ, ಬಾಡಿಯ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಬೇಡಿ. ಪೂರ್ತಿ ಕುಸಿದ ಕಾರನ್ನು ಹಂಪ್ಸ್ ದಾಟಿಸಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಫ್ಲ್ಯಾಟ್‌ಬೆಡ್ ಕರೆಸಿ.

ಸೋರಿಕೆ ಮುಚ್ಚಿದ ಮೇಲೂ ಕಂಪ್ರೆಸರ್ ಬದಲಿಸಲೇಬೇಕಾಗಿ ಬಂದರೆ, ಅದಕ್ಕೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚಾದ ರಿಲೇಯನ್ನೂ ಜೊತೆಗೇ ಬದಲಿಸಿ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಕಂಪ್ರೆಸರ್ ಮುಂದೆ ರಿಲೇಯ ಬೆಲೆ ಏನೇನೂ ಅಲ್ಲ. ಅತಿಯಾಗಿ ಓಡಿದ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡಿದ್ದರೆ, ಕೀ ತೆಗೆದ ಮೇಲೂ ಕಂಪ್ರೆಸರ್ ನಿಲ್ಲದೆ ಓಡಿ ಬ್ಯಾಟರಿ ಇಳಿಸುತ್ತದೆ, ಬೆಂಕಿಯ ಭಯವೂ ಇದೆ. ಹಳೆಯ ರಿಲೇಯನ್ನು ಕೈಗೆ ಕೇಳಿ ಪಡೆಯಿರಿ. ಕಾರು ಬಿಡಿಸಿಕೊಳ್ಳುವುದು ಆ ರಾತ್ರಿ ಅಲ್ಲೇ ನಿಲ್ಲಿಸಿ, ಬೆಳಿಗ್ಗೆ ನಾಲ್ಕೂ ಮೂಲೆ ಮತ್ತೆ ಅಳೆದ ಮೇಲೆ.