ಫ್ಯುಯೆಲ್ ಪಂಪ್ ಬದಲಿಸುವ ಮೊದಲು ಗೇಜ್ ಹಾಕಿ ನೋಡುವ ಗ್ಯಾರೇಜು, ಬದಿಯಡ್ಕ ರೋಡು

ಹಳೇ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಕಾರು ಇಟ್ಟುಕೊಂಡು ಬೆಳಗಾದರೆ ಸೆಲ್ಫ್ ಹೊಡೆದು ಹೊಡೆದು ಸುಸ್ತಾಗುವವರು ಕಾಸರಗೋಡು ಕಡೆ ಇದ್ದರೆ ಈ ಗ್ಯಾರೇಜಿಗೆ ಒಮ್ಮೆ ಹೋಗಿ. ಸೀತಾಂಗೋಳಿ ದಾಟಿ ಬದಿಯಡ್ಕದ ಕಡೆಗೆ ಬರುವಾಗ ಸಿಗುತ್ತದೆ. ತಗಡಿನ ಮಾಡು, ಎದುರಿಗೆ ಯಾವಾಗಲೂ ನಾಲ್ಕಾರು ಹಳೇ ಗಾಡಿ. ಹೆಸರು ಹಾಕುತ್ತಿಲ್ಲ. "ಬರೆಯುವುದಾದರೆ ಬರೆಯಿರಿ ಮಾಷ್ಟ್ರೇ, ಹೆಸರು ಮಾತ್ರ ಬೇಡ, ಈಗ ಇರುವ ಕೆಲಸವೇ ಮುಗಿಯುವುದಿಲ್ಲ" ಎಂದು ಗ್ಯಾರೇಜಿನವರೇ ಹೇಳಿದ್ದು.

ನಮ್ಮದು 2001ರ ಪೆಟ್ರೋಲ್ ಕಾರು. ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದ ಹೊಸತರಲ್ಲಿ ತೆಗೆದದ್ದು. ರಾತ್ರಿ ನಿಲ್ಲಿಸಿ ಬೆಳಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ತುಂಬ ಹೊತ್ತು ಹೊಡೆದ ಮೇಲೆ ಹಿಡಿಯುತ್ತದೆ. ಆಮೇಲೆ ದಿನವಿಡೀ ತಕರಾರಿಲ್ಲ, ಏರಿನಲ್ಲೂ ಎಳೆತಕ್ಕೆ ಕಮ್ಮಿ ಇಲ್ಲ. ಪೇಟೆಯಲ್ಲಿ ಒಂದು ಕಡೆ ತೋರಿಸಿದೆ. ಬಾನೆಟ್ ಎತ್ತಿದ್ದೇ ತಡ, "ಪಂಪ್ ಹೋಗಿದೆ, ಅಸೆಂಬ್ಲಿಯೇ ಬದಲಿಸಬೇಕು" ಎಂದರು (ಟ್ಯಾಂಕಿನಲ್ಲಿದ್ದು ಇಂಜಿನಿಗೆ ಪೆಟ್ರೋಲ್ ತಳ್ಳುವ ಪಂಪ್). ಮೀಟರ್ ಇಲ್ಲ, ಪ್ರೆಷರ್ ಅಳೆಯುವ ಗೇಜ್ ಇಲ್ಲ. ಹೇಳಿದ ರೇಟು ಕೇಳಿದರೆ ಗಾಡಿಯನ್ನೇ ಗುಜರಿಗೆ ಹಾಕುವುದು ವಾಸಿ ಅನ್ನಿಸುವಂತಿತ್ತು.

ಇಲ್ಲಿ ಬಾನೆಟ್ ಎತ್ತುವ ಮೊದಲು ಪ್ರಶ್ನೆ ಕೇಳಿದರು. ಕೀ ಆನ್ ಮಾಡಿ ಎರಡು ಸೆಕೆಂಡ್ ಬಿಟ್ಟು ಆಫ್ ಮಾಡಿ, ಹಾಗೆ ಎರಡು ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆದು ನೋಡಿದ್ದೀರಾ ಅಂತ. ಮರುದಿನ ಮನೆಯಲ್ಲಿ ಮಾಡಿದೆ, ಥಟ್ ಅಂತ ಹಿಡಿಯಿತು! ಕಾರಣ ಇಷ್ಟೇ. ಕೀ ಆನ್ ಮಾಡಿದಾಗ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪಂಪನ್ನು ಒಂದೆರಡು ಸೆಕೆಂಡ್ ಮಾತ್ರ ಓಡಿಸುತ್ತದೆ, ಇಂಜಿನ್ ತಿರುಗದಿದ್ದರೆ ನಿಲ್ಲಿಸಿಬಿಡುತ್ತದೆ. ಲೈನ್‌ನಲ್ಲಿ ರಾತ್ರಿಯ ಪ್ರೆಷರ್ ಉಳಿದಿದ್ದರೆ ಅಷ್ಟು ಸಾಕು. ಪೂರ್ತಿ ಇಳಿದುಹೋಗಿದ್ದರೆ ಸಾಲುವುದಿಲ್ಲ, ಎರಡು ಮೂರು ಸಲ ಮಾಡಬೇಕು. ಅಂದರೆ ಪಂಪಿಗೆ ಶಕ್ತಿ ಇದೆ, ಪ್ರೆಷರ್ ನಿಲ್ಲುತ್ತಿಲ್ಲ, ಅಲ್ವಾ?

ಸಂಜೆ ಗಾಡಿ ಬಿಟ್ಟು ಬೆಳಗ್ಗೆ ಹೋಗಿ ನಿಂತು ನೋಡಿದೆ. ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀ ಆನ್ ಮಾಡಿದರು, ಅಡಿಯಿಂದ ಗುಂಯ್ ಅಂತ ಸದ್ದು. "ಸದ್ದು ಬಂತು ಅಂದರೆ ಕರೆಂಟ್ ಬಂತು ಅಂತ ಅಷ್ಟೇ, ಪಂಪ್ ಸರಿ ಇದೆ ಅಂತ ಅಲ್ಲ" ಎಂದರು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ಮತ್ತು ರಿಲೇ ನೋಡಬೇಕು, ಆಮೇಲೆ ಪಂಪಿನ ಪ್ಲಗ್‌ನಲ್ಲಿ ವೋಲ್ಟೇಜ್. ಅರ್ತ್ ವೈರ್ ತುಕ್ಕು ಹಿಡಿದರೂ ಪಂಪ್ ಸೊರಗುತ್ತದೆ, ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿಯುವುದೇನು ದೊಡ್ಡ ವಿಷಯವಲ್ಲ. ನಮ್ಮದರಲ್ಲಿ ವೋಲ್ಟೇಜ್ ಸರಿಯಿತ್ತು.

ಆಮೇಲೆ ಗೇಜ್. ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ಬಂದ್ ಆಗುವ ತನಕ ಓಡಿಸಿದರು, ಹೋಸ್ ಬಿಚ್ಚುವಾಗ ಪೆಟ್ರೋಲ್ ಚಿಮ್ಮಬಾರದಲ್ಲ. ಟ್ಯಾಂಕಿನಿಂದ ಇಂಜಿನಿಗೆ ಬರುವ ಹೋಸಿಗೆ ಮೂರು ಬಾಯಿಯ ಟಿ ಕೊಟ್ಟು ಗೇಜ್ ಕೂರಿಸಿ ಸ್ಟಾರ್ಟ್ ಮಾಡಿದರು. ಪ್ರೆಷರ್ ಮಿತಿಯಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಎಳೆದಾಗ ಮುಳ್ಳು ಮೂರು ಬಾರ್ ಹತ್ತಿರಕ್ಕೆ ಏರಿತು, ಹಾಕಿದಾಗ ಸ್ವಲ್ಪ ಇಳಿಯಿತು, ಅದು ಹಾಗೆಯೇ ಇರಬೇಕಂತೆ. ಆ ಪೈಪನ್ನು ಮೂಸಿಯೂ ನೋಡಿದರು. ಅಲ್ಲಿ ಪೆಟ್ರೋಲ್ ವಾಸನೆ ಬಂದರೆ ರೆಗ್ಯುಲೇಟರಿನ ಒಳಗಿನ ಡಯಾಫ್ರಂ (ತೆಳು ಪರದೆ) ಹರಿದಿದೆ ಎಂದು ಅರ್ಥ. ಬರಲಿಲ್ಲ.

ಇಂಜಿನ್ ಬಂದ್ ಮಾಡಿದರು. ಮುಳ್ಳು ನಾನು ನೋಡುತ್ತಿದ್ದ ಹಾಗೆಯೇ ಇಳಿಯತೊಡಗಿತು, ಹುಡುಗ ಚಾ ತರುವಷ್ಟರಲ್ಲಿ ಸೊನ್ನೆ. ಮತ್ತೆ ಪ್ರೆಷರ್ ಏರಿಸಿ, ಪಂಪ್ ನಿಂತ ಮೇಲೆ ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಹೋಸನ್ನು ಕ್ಲಾಂಪಿನಿಂದ ಒತ್ತಿದರು, ಆದರೂ ಇಳಿಯಿತು. ಇನ್ನೊಮ್ಮೆ ಏರಿಸಿ ಟ್ಯಾಂಕಿನಿಂದ ಗೇಜಿಗೆ ಬರುವ ಹೋಸ್ ಒತ್ತಿದರು, ಮುಳ್ಳು ಅಲ್ಲಾಡಲಿಲ್ಲ. ರೆಗ್ಯುಲೇಟರ್ ಅಲ್ಲ, ಇಂಜೆಕ್ಟರ್ ಸೋರುವುದೂ ಅಲ್ಲ, ತೊಂದರೆ ಟ್ಯಾಂಕ್ ಕಡೆಗೇ ಎಂದು ಅಲ್ಲಿಗೆ ಖಾತ್ರಿ. (ರಬ್ಬರ್ ಹೋಸ್ ಇದ್ದಲ್ಲಿ ಮಾತ್ರ ಹೀಗೆ ಒತ್ತಬಹುದು, ಪ್ಲಾಸ್ಟಿಕ್ ಪೈಪ್ ಒಡೆಯುತ್ತದೆ. ರಿಟರ್ನ್ ಲೈನ್ ಇಲ್ಲದ ಗಾಡಿಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುವುದು ಸಾಮಾನ್ಯ, ಅವಕ್ಕೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ.)

ಆಗಲೂ ಪಂಪ್ ಹೋಗಿದೆ ಅನ್ನಲಿಲ್ಲ ನೋಡಿ. ಪಂಪಿನೊಳಗಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವುದು) ಇರಬಹುದು, ಹೋಸೂ ಇರಬಹುದು, ತೆಗೆಯೋಣ ಎಂದರು. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಹಿಂದಿನ ಸೀಟ್ ಎತ್ತಿ, ಮುಚ್ಚಳ ತೆಗೆದು ಪಂಪ್ ಹೊರಗೆಳೆದರು. ಪಂಪಿನಿಂದ ಮೇಲಿನ ಪೈಪಿಗೆ ಹೋಗುವ ಹೆಬ್ಬೆರಳುದ್ದದ ರಬ್ಬರ್ ಹೋಸ್, ಬೆರಳಿನಲ್ಲಿ ಬಗ್ಗಿಸಿದರೆ ಕ್ಲಿಪ್ಪಿನ ಹತ್ತಿರ ಬಾಯಿ ಬಿಟ್ಟಿತು. ಅಷ್ಟೇ ರೋಗ. ಪಂಪ್ ಓಡುವಾಗ ಆ ಸೋರಿಕೆ ಗೊತ್ತಾಗುವುದಿಲ್ಲ, ನಿಂತ ಮೇಲೆ ಪ್ರೆಷರ್ ಎಲ್ಲ ಅಲ್ಲಿಂದಲೇ ಟ್ಯಾಂಕಿಗೆ ವಾಪಸ್.

ಹೊಸ ಹೋಸ್ ಮಂಗಳೂರಿನಿಂದ ಬರಬೇಕಿತ್ತು. ಟ್ಯಾಂಕಿನೊಳಗೆ ಮುಳುಗುವ ಹೋಸಿನ ಹೊರಮೈ ಕೂಡ ಪೆಟ್ರೋಲಿನಲ್ಲೇ ಇರುವುದರಿಂದ ಸಾಮಾನ್ಯ ಹೋಸ್ ಆಗುವುದಿಲ್ಲ, ಎಸ್‌ಎಇ 30ಆರ್10 ಎಂದು ಅಚ್ಚಿರುವುದೇ ಬೇಕು. ಸುಮ್ನೆ ಸಿಕ್ಕಿದ್ದು ತುರುಕಿ ಕಳಿಸಬಹುದಿತ್ತು, ಕಳಿಸಲಿಲ್ಲ. ಬಿಲ್ಲು ಎರಡು ಸಾವಿರ ಕೂಡ ಆಗಲಿಲ್ಲ.

ಜೊತೆಗೆ ಬೈಗುಳ ಫ್ರೀ. ಪೆಟ್ರೋಲ್ ಕರ್ನಾಟಕದಲ್ಲಿ ಅಗ್ಗ ಅಂತ ತಲಪಾಡಿ ಗಡಿ ದಾಟುವ ತನಕ ರಿಸರ್ವ್‌ನಲ್ಲೇ ಓಡಿಸುವ ಚಾಳಿ ನಮ್ಮ ಕಡೆ ಎಲ್ಲರಿಗೂ ಇದೆ. ಆದರೆ ಪಂಪನ್ನು ತಣ್ಣಗಿಡುವುದೇ ಟ್ಯಾಂಕಿನಲ್ಲಿರುವ ಪೆಟ್ರೋಲ್. ಕಾಲು ಟ್ಯಾಂಕ್ ಯಾವಾಗಲೂ ಇರಲಿ, ಉಳಿಸಿದ ದುಡ್ಡು ಒಂದೇ ಪಂಪಿಗೆ ಹೋಗುತ್ತದೆ ಎಂದರು.

ಕೊರತೆ ಇಲ್ಲವೆಂದಲ್ಲ. ಕೂರಲು ಜಾಗ ಇಲ್ಲ. ಫೋನ್ ಎತ್ತುವುದಿಲ್ಲ. ಬಿಲ್ಲು ಅಂದರೆ ರಟ್ಟಿನ ತುಂಡಿನ ಮೇಲೆ ಬರೆದ ಲೆಕ್ಕ. ಇಷ್ಟೆಲ್ಲ ಪೆಟ್ರೋಲ್ ಕೆಲಸ ಮಾಡುವ ಕಡೆ ಬೆಂಕಿ ಆರಿಸುವ ಸಿಲಿಂಡರ್ ಕಾಣಿಸಲಿಲ್ಲ, ಅದಕ್ಕೇ ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದೇನೆ. ಹೇಳಿದ್ದಕ್ಕೆ ನಕ್ಕರು, ತರುತ್ತೇನೆ ಎಂದರು.

ಬೆಳಗಿನ ಸ್ಟಾರ್ಟಿಂಗ್ ತೊಂದರೆ ಇದ್ದರೆ ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ. ಬಿಸಿ ಇಂಜಿನ್ ತೆಗೆದುಕೊಂಡು ಹೋದರೆ ಏನೂ ಗೊತ್ತಾಗುವುದಿಲ್ಲ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ.