ಡೋನಟ್ಟಿನ ಬಿಳಿ ಪಟ್ಟಿ, ಮಾಟುಂಗಾದ ಬನ್ಸು

ಮುಂಬೈಯಲ್ಲಿ ಡೋನಟ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಮೇಲಿನ ಚಾಕೊಲೇಟಿನ ಮೇಲೆ. ನೋಡಬೇಕಾದದ್ದು ಅದರ ಸೊಂಟ. ಸುತ್ತಲೂ ಬೆಳ್ಳನೆಯ ಪಟ್ಟಿಯೊಂದು ಕಂಡರೆ ಹಿಟ್ಟು ಚೆನ್ನಾಗಿ ಹುದುಗಿ, ಹಗುರಾಗಿ ಎಣ್ಣೆಯ ಮೇಲೆ ತೇಲುತ್ತಲೇ ಬೆಂದಿದೆ. ಪಟ್ಟಿಯೇ ಇಲ್ಲದೆ ಪೂರ್ತಿ ಕಂದಾಗಿದ್ದರೆ ಹುದುಗು ಸಾಲದೆ ಭಾರಕ್ಕೆ ಮುಳುಗಿದೆ ಅಂತ ಲೆಕ್ಕ. ಮೈಯೆಲ್ಲ ಸುಕ್ಕುಗಟ್ಟಿದ್ದರೆ ಅತಿಯಾಗಿ ಹುದುಗಿ, ಎಣ್ಣೆಯಿಂದ ತೆಗೆದೊಡನೆ ಕುಸಿದದ್ದು. ಬೇಕಿಂಗ್ ಪೌಡರ್ ಹಾಕಿ ಮಾಡುವ ಕೇಕ್ ಡೋನಟ್ಟಿಗೆ ಈ ಪರೀಕ್ಷೆ ನಡೆಯದು, ಯೀಸ್ಟಿನದಕ್ಕೆ ಮಾತ್ರ.

ಎಣ್ಣೆ 175ರಿಂದ 180 ಡಿಗ್ರಿಯಲ್ಲಿರಬೇಕು. 190 ದಾಟಿದರೆ ಹೊರಗೆ ಕಪ್ಪು, ಒಳಗೆ ಹಸಿ ಹಿಟ್ಟು. 165ಕ್ಕಿಂತ ಇಳಿದರೆ ಎಣ್ಣೆ ಕುಡಿಯುತ್ತದೆ; ಪೆಟ್ಟಿಗೆಯ ತಳದಲ್ಲಿ ಜಿಡ್ಡಿನ ಉಂಗುರ ಮೂಡಿದರೆ ಕಾರಣ ಇದೇ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಿನ ಗಾಳಿಯಲ್ಲಿ ಸಕ್ಕರೆ ಗ್ಲೇಜು, ಅಂದರೆ ಮೇಲಿನ ತೆಳು ಸಕ್ಕರೆ ಲೇಪ, ಬೆವರಿ ಅಂಟಾಗುತ್ತದೆ. ಮಳೆಗಾಲದಲ್ಲಿ ಚಾಕೊಲೇಟ್ ಹೊದಿಸಿದ್ದನ್ನು ಕೊಳ್ಳುವುದು ಜಾಣತನ. ಉಳಿದದ್ದನ್ನು ಫ್ರಿಜ್ಜಿಗೆ ತುರುಕಿದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಕ್ರೀಮು ತುಂಬಿದ್ದಕ್ಕೆ ಫ್ರಿಜ್ ಬಿಟ್ಟರೆ ಗತಿಯಿಲ್ಲ, ಹಾಗಾಗಿ ಅದನ್ನು ತಂದ ದಿನವೇ ಮುಗಿಸಿ. ಮೊಟ್ಟೆ ಮುಟ್ಟದ ಮನೆಯವರಿಗೆ ಮ್ಯಾಡ್ ಓವರ್ ಡೋನಟ್ಸ್ ಅಂಗಡಿಗಳು ಅನುಕೂಲ, ಅಲ್ಲಿಯ ಡೋನಟ್ಟುಗಳು ಮೊಟ್ಟೆರಹಿತ.

ರೆಸ್ಟೋರೆಂಟುಗಳ ಕಡೆ ಬಂದರೆ, ಲೋವರ್ ಪರೇಲಿನ ಕಮಲಾ ಮಿಲ್ಸ್‌ನಲ್ಲಿ 2015ರಲ್ಲಿ ಶುರುವಾದ ದಿ ಬಾಂಬೆ ಕ್ಯಾಂಟೀನ್‌ನ ಹೆಸರುವಾಸಿ ತಿನಿಸು ‘ಗುಲಾಬ್ ನಟ್’. ಡೋನಟ್ಟಿನ ಆಕಾರದ ಗುಲಾಬ್ ಜಾಮೂನು, ಓಲ್ಡ್ ಮಂಕ್ ರಮ್ಮು, ಜೊತೆಗೆ ಪಿಸ್ತಾ ಕ್ರೀಮು. ಕೇಳಿದರೆ ಬರೀ ತಮಾಷೆ ಅನಿಸುತ್ತದೆ, ಆದರೆ ನಡುವಿನ ಆ ತೂತಿಗೆ ನಿಜವಾದ ಕೆಲಸವಿದೆ. ದೊಡ್ಡ ಉಂಡೆ ಜಾಮೂನಿನ ಶಾಪವೇ ನಡುವಿನ ಗಂಟು: ಹೊರಗೆ ಬಣ್ಣ ಬಂದರೂ ಒಳಗೆ ಬೇಯದೆ, ಪಾಕ ಇಳಿಯದೆ ಗಟ್ಟಿಯಾಗಿ ಕೂತಿರುತ್ತದೆ. ಬಳೆಯ ಆಕಾರವಾದರೆ ಬಿಸಿಯೂ ಪಾಕವೂ ಒಳಗಿನಿಂದ, ಹೊರಗಿನಿಂದ ಎರಡೂ ಕಡೆ ಹೊಗುತ್ತವೆ. ಮನೆಯಲ್ಲಿ ಮಾಡಹೊರಟವರು ಎಣ್ಣೆಯನ್ನು 140 ಡಿಗ್ರಿಯ ಆಸುಪಾಸಿನಲ್ಲಿಟ್ಟು ನಿಧಾನಕ್ಕೆ ಕರಿಯಬೇಕು, ಬೆಚ್ಚಗಿನ ಪಾಕಕ್ಕೆ ಹಾಕಬೇಕು. ರಮ್ಮನ್ನು ಕುದಿಯುವ ಪಾಕಕ್ಕೆ ಸುರಿದರೆ ಘಮವೆಲ್ಲ ಹಾರಿಹೋಗುತ್ತದೆ, ಪಾಕ ಉಗುರುಬೆಚ್ಚಗಾದ ಮೇಲೆ ಸೇರಿಸಿ. ರಮ್ಮಿನ ಆ ಒಗರು ಸಿಹಿಯನ್ನು ಕತ್ತರಿಸುವುದರಿಂದಲೇ ಈ ತಿನಿಸು ಗೆದ್ದಿದೆ. ಹಾಗಿದ್ದೂ ಒಬ್ಬರಿಗೆ ಒಂದು ಹೆಚ್ಚಾಯಿತು, ಇಬ್ಬರು ಹಂಚಿಕೊಳ್ಳಿ. ಮದ್ಯ ಬೇಡವೆನ್ನುವವರು ಆರ್ಡರಿಗೆ ಮೊದಲೇ ಕೇಳಿಕೊಳ್ಳಬೇಕು.

ಸೋಲುವುದು ಚೀಸು, ಹಸಿಮೆಣಸು ತುಂಬಿದ ಖಾರದ ಡೋನಟ್ಟುಗಳು. ಬಾಂದ್ರಾ ಕಡೆಯ ಕೆಫೆಗಳಲ್ಲಿ ಇವು ಆಗಾಗ ತಲೆಯೆತ್ತುತ್ತವೆ. ತಪ್ಪು ಹೂರಣದ್ದಲ್ಲ, ಹಿಟ್ಟಿನದು. ಸಿಹಿ ಡೋನಟ್ಟಿಗೆ 250 ಗ್ರಾಂ ಮೈದಾಕ್ಕೆ 30 ಗ್ರಾಂ ಸಕ್ಕರೆ ಸರಿ. ಅದೇ ಹಿಟ್ಟಿಗೆ ಖಾರ ತುಂಬಿದರೆ ಬಾಯಿಗೆ ಗೊಂದಲ. ಸಕ್ಕರೆಯನ್ನು 10–12 ಗ್ರಾಮಿಗೆ ಇಳಿಸಿ, ಉಪ್ಪನ್ನು 5 ಗ್ರಾಮಿಗೆ ಏರಿಸಿದರೆ ಮರ್ಯಾದೆ ಉಳಿಯುತ್ತದೆ.

ಸಿಹಿ–ಖಾರ ಒಂದೇ ತಟ್ಟೆಯಲ್ಲಿ ಅನ್ನುವುದು ಚೌಚೌ ಬಾತ್ ತಿಂದು ಬೆಳೆದವರಿಗೆ ಹೊಸದೇನಲ್ಲ. ಮುಲ್ಕಿ ಕಡೆಯಿಂದ ಬಂದ ರಘುನಂದನ ಕಾಮತರು 1984ರಲ್ಲಿ ಜುಹೂನಲ್ಲಿ ನ್ಯಾಚುರಲ್ಸ್ ತೆರೆದಾಗ ಐಸ್‌ಕ್ರೀಮಿನ ಜೊತೆಗೆ ಪಾವ್‌ಭಾಜಿಯನ್ನೂ ಮಾರುತ್ತಿದ್ದರು. ಅಪ್ಸರಾ ಎಂಬ ಐಸ್‌ಕ್ರೀಮ್ ಅಂಗಡಿಯಲ್ಲಿ ಸೀಬೆ ಐಸ್‌ಕ್ರೀಮಿನ ಮೇಲೆ ಉಪ್ಪು–ಖಾರದ ಪುಡಿ ಉದುರಿಸಿ ಕೊಡುತ್ತಾರೆ. ಪುಡಿ ಒದ್ದೆಯಾಗಿ ಕರಗುವ ಮುಂಚೆ, ಹರಳು ಹಲ್ಲಿಗೆ ಸಿಗುವಾಗಲೇ ತಿನ್ನಬೇಕು.

ಆದರೆ ಈ ಜಾತಿಯಲ್ಲಿ ಮೊದಲ ಅಂಕ ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಸಿಗುವ ಮಂಗಳೂರು ಬನ್ಸಿಗೇ. ತೂತಿಲ್ಲ, ಗ್ಲೇಜಿಲ್ಲ, ಯೀಸ್ಟೂ ಇಲ್ಲ. 250 ಗ್ರಾಂ ಮೈದಾಕ್ಕೆ ಚೆನ್ನಾಗಿ ಕಳಿತ ದೊಡ್ಡ ಪಚ್ಚಬಾಳೆಹಣ್ಣು ಒಂದು, ಮೂರು ಚಮಚ ಸಕ್ಕರೆ, ಎರಡು ಮೂರು ಚಮಚ ಹುಳಿಮೊಸರು, ಅರ್ಧ ಚಮಚ ಜೀರಿಗೆ, ಅಷ್ಟೇ ಉಪ್ಪು, ಚಿಟಿಕೆ ಸೋಡಾ. ನೀರು ಮುಟ್ಟಿಸಬಾರದು, ಹಣ್ಣಿನ ಪಸೆಯೇ ಸಾಕು. ಕಲಸಿ ಆರೆಂಟು ಗಂಟೆ ಬಿಟ್ಟು, ಪೂರಿಗಿಂತ ದಪ್ಪಗೆ ಲಟ್ಟಿಸಿ, ಮಧ್ಯಮ ಉರಿಯಲ್ಲಿ ಕರಿಯುತ್ತಾರೆ. ತೆಳ್ಳಗಾದರೆ ಅದು ಸಿಹಿಪೂರಿ, ಬನ್ಸಲ್ಲ. ಸೋಡಾ ಹೆಚ್ಚಾದರೆ ಸಾಬೂನಿನ ವಾಸನೆ, ಮೊಸರು ಸಪ್ಪೆಯಾದರೆ ಒಳಗೆ ಜಾಲರಿ ಬರುವುದಿಲ್ಲ.

ಹೋಟೆಲಿನಲ್ಲಿ ಮುರಿದು ನೋಡಿ. ಒಳಗೆ ಸಣ್ಣ ತೂತುಗಳ ಜಾಲರಿ, ಬಾಳೆಯ ಕಪ್ಪು ಚುಕ್ಕೆ, ನಡುನಡುವೆ ಜೀರಿಗೆ ಕಾಣಬೇಕು. ಮೊದಲ ತುಂಡು ಕಾಯಿಚಟ್ನಿಗೆ. ಸಾಂಬಾರಿನಲ್ಲಿ ಅದ್ದಿಟ್ಟು ಹರಟೆ ಹೊಡೆದರೆ ಬನ್ಸು ಸ್ಪಂಜಿನಂತೆ ಹೀರಿಕೊಂಡು ತಟ್ಟೆಯಲ್ಲೇ ಕುಸಿಯುತ್ತದೆ. ಬೆಳಗ್ಗೆ ಬೇಗ ಹೋದರೆ ಒಳ್ಳೆಯದು. ಕರಿದು ಗಂಟೆಗಟ್ಟಲೆ ಕೂತ ಬನ್ಸು ಚರ್ಮದ ಹಾಗೆ ಜಗ್ಗುತ್ತದೆ.