ವಾರಂಟಿ ಇರುವ ವಾಚನ್ನು ಬಿಚ್ಚಲು ಯಾರ ಕೈಗೂ ಕೊಡಬೇಡಿ

ಶಿವಮೊಗ್ಗದವರು, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ಮಾರ್ಟ್‌ವಾಚ್ ಕೆಟ್ಟಾಗ ಪೇಟೆಯಲ್ಲಿ ಬೋರ್ಡ್ ನೋಡಿ ಒಳಗೆ ಹೋಗಬೇಡಿ. ವಾಚಿನ ವೈಬ್ರೇಷನ್ ಕೆಟ್ಟಿತು ಎಂದು ನಾನು ಹೋದೆ. 13,499 ರೂಪಾಯಿ ಕೊಟ್ಟ ವಾಚ್ ಈಗ ಮೇಜಿನ ಮೇಲೆ ಬಿದ್ದಿದೆ. ರಿಪೇರಿ ಎಂದು 1,450 ರೂಪಾಯಿ ಬೇರೆ ಹೋಯಿತು. ಮೂರು ವಾರ ಇದನ್ನು ಮನೆಯ ಹೊರಗೆ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ನಾಚಿಕೆ. ಹೈಸ್ಕೂಲ್ ಮಕ್ಕಳಿಗೆ ಬಿಲ್ ಕೇಳಿ ಪಡೆಯಿರಿ, ಓದದೆ ಸಹಿ ಹಾಕಬೇಡಿ ಎಂದು ಹೇಳಿಕೊಡುವ ಟೀಚರ್ ನಾನು. ನಾನೇ ಹೀಗೆ ಮೋಸ ಹೋದೆ ಎಂದು ಹೇಗೆ ಹೇಳುವುದು?

ವೈಬ್ರೇಷನ್ ಅಷ್ಟೇ ಅಲ್ವಾ, ಅದಕ್ಕೆ ಇಷ್ಟು ಗಲಾಟೆಯಾ ಎನ್ನುವವರಿಗೆ ಮೊದಲು ಒಂದು ಮಾತು. ನನಗೆ ಎಡಗಿವಿ ಕೇಳುವುದಿಲ್ಲ. ಬಲಗಿವಿಗೆ ಮಷಿನ್ ಇದೆ. ಓಡುವಾಗ ಬೆವರು ಮತ್ತು ಮಳೆಗೆ ಅದು ಹಾಳಾಗುತ್ತದೆ ಎಂದು ಮನೆಯಲ್ಲೇ ತೆಗೆದಿಟ್ಟು ಹೋಗುತ್ತೇನೆ. ವಾರದಲ್ಲಿ ನಾಲ್ಕು ದಿನ ನೆಹರೂ ಸ್ಟೇಡಿಯಂ, ಭಾನುವಾರ ಗಾಜನೂರು ರಸ್ತೆ. ಫೋನ್ ಸೊಂಟದ ಚೀಲದಲ್ಲಿರುತ್ತದೆ. ಅದು ರಿಂಗಾದರೆ ನನಗೆ ಕೇಳುವುದಿಲ್ಲ. ಮಣಿಕಟ್ಟಿನಲ್ಲಿ ವಾಚ್ ನಡುಗಿದರೆ ಮಾತ್ರ ಗೊತ್ತಾಗುತ್ತದೆ. ಆಗ ನಿಂತು, ಫೋನನ್ನು ಬಲಗಿವಿಗೆ ಒತ್ತಿಕೊಂಡು ಮಾತಾಡುತ್ತೇನೆ. ಬೆಳಗಿನ ಐದು ಗಂಟೆಯ ಅಲಾರಂ ಕೂಡ ಅದೇ ನಡುಕ. ಆ ವಾಚಿನಲ್ಲಿ ನೂರು ಬಗೆಯ ವ್ಯಾಯಾಮದ ಲೆಕ್ಕ ಇರಬಹುದು. ನಾನು ಅದನ್ನು ಕೊಂಡಿದ್ದು ಆ ನಡುಕಕ್ಕಾಗಿ.

ಹೋದ ವರ್ಷ ಗಣಪತಿ ಹಬ್ಬದ ಆಫರ್‌ನಲ್ಲಿ ಪೇಟೆಯ ಅಂಗಡಿಯಲ್ಲೇ ತೆಗೆದುಕೊಂಡೆ. ಒಂದು ವರ್ಷ ವಾರಂಟಿ. ಒಂಬತ್ತು ತಿಂಗಳು ಏನೂ ತೊಂದರೆ ಇರಲಿಲ್ಲ. ಈ ಸಲ ಮೃಗಶಿರ ಮಳೆ ಶುರುವಾದ ಮೇಲೆ ನಡುಕ ಕಡಿಮೆಯಾಯಿತು. ಚರ್ಮಕ್ಕೆ ತಾಗುವ ಬದಲು ಒಳಗೆ ಏನೋ ಉಜ್ಜಿದ ಹಾಗೆ. ನಮ್ಮ ಮನೆಯವರು ಕಿವಿಗಿಟ್ಟು ಕೇಳಿ, "ಗರಗರ ಅಂತಿದೆ" ಎಂದರು. ಒಂದು ದಿನ ಬರುತ್ತದೆ, ಒಂದು ದಿನ ಇಲ್ಲ. ಬೆರಳಿನಿಂದ ತಟ್ಟಿದರೆ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವೈಬ್ರೇಷನ್ ಜೋರು ಮಾಡಿದೆ. ಡಿಸ್ಟರ್ಬ್ ಮಾಡಬೇಡಿ ಎನ್ನುವುದು ಆನ್ ಆಗಿದೆಯಾ ನೋಡಿದೆ, ಇರಲಿಲ್ಲ. ಬ್ಯಾಟರಿ ಉಳಿಸುವ ಮೋಡ್ ತೆಗೆದೆ. ಅಪ್‌ಡೇಟ್ ಹಾಕಿದೆ. ಕೊನೆಗೆ ಎಲ್ಲ ಅಳಿಸಿ ಹೊಸದರಂತೆ ಮಾಡಿದೆ. ಏನೂ ಆಗಲಿಲ್ಲ.

ಆರಿದ್ರಾ ಮಳೆಯ ಮೊದಲ ಭಾನುವಾರ ಅಮ್ಮ ತೀರ್ಥಹಳ್ಳಿಯ ಮನೆಯ ಅಂಗಳದಲ್ಲಿ ಪಾಚಿಯ ಮೇಲೆ ಜಾರಿ ಬಿದ್ದರು. ನಾಲ್ಕು ಸಲ ಫೋನ್ ಮಾಡಿದ್ದಾರೆ. ನಾನು ಗಾಜನೂರು ರಸ್ತೆಯಲ್ಲಿದ್ದೆ. ವಾಚ್ ಒಮ್ಮೆಯೂ ನಡುಗಲಿಲ್ಲ. ಮನೆಗೆ ಬಂದು ಚೀಲ ತೆಗೆದಾಗ ಗೊತ್ತಾಯಿತು. ಕೈ ಉಳುಕಿತ್ತು ಅಷ್ಟೇ, ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಆದರೆ ಆ ನಾಲ್ಕು ಮಿಸ್ಡ್ ಕಾಲ್ ಇನ್ನೂ ಕಣ್ಣ ಮುಂದೆ ಇವೆ.

ಸೋಮವಾರವೇ ಕೊಂಡ ಅಂಗಡಿಗೆ ಹೋದೆ. "ನಮ್ಮದು ಮಾರಾಟ ಮಾತ್ರ ಮೇಡಂ. ಸರ್ವೀಸ್ ಬೇರೆಯವರದ್ದು" ಎಂದು ಕೈ ತೋರಿಸಿ ಕಳಿಸಿದರು. ಅವರು ಹೇಳಿದ ಕಡೆ ಒಂದು ಸಣ್ಣ ಅಂಗಡಿ. ಬೋರ್ಡಿನಲ್ಲಿ ನನ್ನ ವಾಚಿನ ಕಂಪನಿಯ ಗುರುತು ದೊಡ್ಡದಾಗಿ ಇತ್ತು. ಅದರ ಪಕ್ಕ ಇನ್ನೂ ಐದಾರು ಕಂಪನಿಗಳ ಗುರುತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ನಾನು ಕೇಳಿದೆ. ಕೇಳದೆ ಕೊಡಲಿಲ್ಲ, ಇದನ್ನು ಗಮನಿಸಿ. "ನೀವು ಕಂಪನಿಯವರೇನಾ?" ಎಂದೆ. "ಹೌದು ಮೇಡಂ, ನಾವೇ ನೋಡೋದು" ಎಂದರು. "ವಾರಂಟಿ ಇದೆ" ಎಂದೆ. "ಇದೆ ಇದೆ, ಬಿಲ್ ಕೊಡಿ" ಎಂದು ಬಿಲ್ಲಿನ ಫೋಟೋ ತೆಗೆದುಕೊಂಡರು. ಬಿಲ್ ನೋಡಿ ಫೋಟೋ ತೆಗೆದ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ? ಒಂದು ಬಿಳಿ ಚೀಟಿಯಲ್ಲಿ ನನ್ನ ಹೆಸರು, ವಾಚ್, ವೈಬ್ರೇಷನ್ ಎಂದು ಬರೆದರು. ಕೆಳಗೆ ಸಹಿ ಮಾಡಿ ಎಂದರು. ಮಾಡಿದೆ. ಅದರಲ್ಲಿ ಜಾಬ್ ನಂಬರ್, ಅಂದರೆ ರಿಪೇರಿಗೆ ಕೊಟ್ಟ ದಾಖಲೆಯ ಸಂಖ್ಯೆ, ಇರಲಿಲ್ಲ. ಅಂಗಡಿಯ ಸೀಲ್ ಇರಲಿಲ್ಲ. ಮೊಬೈಲಿಗೆ ಮೆಸೇಜ್ ಬರಲಿಲ್ಲ. ಫೋನ್ ರಿಪೇರಿಗೆ ಕೊಟ್ಟಾಗ ಇವೆಲ್ಲ ಬಂದೇ ಬರುತ್ತವೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಕೇಳಲಿಲ್ಲ.

ಆಮೇಲೆ ಆ ಹುಡುಗ ನನ್ನ ಎದುರಿಗೇ ವಾಚನ್ನು ಬಿಸಿ ಮಾಡಿ, ತೆಳ್ಳಗಿನ ಪಟ್ಟಿ ತೂರಿಸಿ ಹಿಂದಿನ ಮುಚ್ಚಳ ಎಬ್ಬಿಸಿದ. "ಬಿಚ್ಚಿದರೆ ವಾರಂಟಿಗೆ ತೊಂದರೆ ಇಲ್ವಾ?" ಎಂದು ಕೇಳಿದೆ. "ಇದು ಮಾಮೂಲಿ ಮೇಡಂ, ಬಿಚ್ಚದೆ ಹೇಗೆ ನೋಡೋದು" ಎಂದ. ನಾನು ಸುಮ್ನೆ ನಿಂತು ನೋಡಿದೆ. ರಾತ್ರಿ ನಿದ್ದೆ ಬರದಿದ್ದಾಗ ನೆನಪಾಗುವುದು ಅದೇ. ಮುಚ್ಚಳ ಎದ್ದ ಆ ಕ್ಷಣ. ಕೈ ಅಡ್ಡ ಹಾಕಿದ್ದರೆ ಸಾಕಿತ್ತು. ನಿಲ್ಲಪ್ಪ, ಬೇಡ ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ.

ಎರಡು ದಿನ ಬಿಟ್ಟು ಫೋನ್ ಬಂತು. ನನಗಲ್ಲ, ನಮ್ಮ ಮನೆಯವರಿಗೆ. "ಮೋಟರ್ ಹೋಗಿದೆ ಸಾರ್. 1,450 ಆಗುತ್ತೆ." ವಾರಂಟಿ ಇದೆಯಲ್ಲ ಎಂದರೆ, "ಮೋಟರ್ ಸವೆಯುವ ಪಾರ್ಟ್ ಸಾರ್, ಅದಕ್ಕೆ ವಾರಂಟಿ ಬರಲ್ಲ." ಆಗಲೂ ನಾವು ನಂಬಿದೆವು. ಅಮ್ಮನ ವಿಷಯ ತಲೆಯಲ್ಲಿತ್ತು, ಒಮ್ಮೆ ಸರಿಯಾದರೆ ಸಾಕಿತ್ತು. ದುಡ್ಡು ಕೊಟ್ಟು ತಂದೆವು.

ಆರು ದಿನ ನಡುಗಿತು. ಏಳನೆಯ ದಿನ ಸ್ಟೇಡಿಯಂನಲ್ಲಿ ಮಳೆ ಬಂತು. ಗಾಜಿನ ಒಳಗೆ ಮಂಜು ಕಟ್ಟಿತು. ಸಂಜೆ ಹೊತ್ತಿಗೆ ನಡುಕ ನಿಂತೇ ಹೋಯಿತು. ನಾನು ಕುರ್ಚಿಯಲ್ಲಿ ಕೂತಿದ್ದರೂ ಎದೆಬಡಿತ 190 ಎಂದು ತೋರಿಸಿತು.

ಆಗ ಹೋಗಿ ಕಂಪನಿಯ ಸಹಾಯವಾಣಿಗೆ ಬರೆದೆ. ಮೊದಲು ಮಾಡಬೇಕಾದ ಕೆಲಸವನ್ನು ಕೊನೆಗೆ ಮಾಡಿದೆ. ಉತ್ತರ ಹೀಗಿತ್ತು. ನಿಮ್ಮ ವಾಚ್ ಸರ್ವೀಸ್‌ಗೆ ಬಂದ ದಾಖಲೆಯೇ ನಮ್ಮಲ್ಲಿ ಇಲ್ಲ. ಶಿವಮೊಗ್ಗದಲ್ಲಿ ನಮ್ಮ ಅಧಿಕೃತ ಕೇಂದ್ರ ಇಲ್ಲ. ನಿಮ್ಮ ಪಿನ್‌ಕೋಡಿಗೆ ಕೊರಿಯರ್ ಕಳಿಸಿ ತರಿಸಿಕೊಳ್ಳುತ್ತೇವೆ, ವಾರಂಟಿ ಇದ್ದರೆ ಖರ್ಚಿಲ್ಲ.

ಖರ್ಚಿಲ್ಲ! ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಮೋಟರಿಗೂ ವಾರಂಟಿ ಇದೆ ಎಂದು ಅವರೇ ಬರೆದರು. ಹಾಗಾದರೆ ಆ ಅಂಗಡಿಯವರು ಯಾರು? ನಾನು ಸಹಿ ಹಾಕಿದ್ದು ಯಾವುದಕ್ಕೆ? ಮೊಬೈಲ್ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಆದರೂ ಬೆಂಗಳೂರಿಗೆ, ಕಂಪನಿಯವರಿಗೇ ಕಳಿಸಿದೆ. ನಾಲ್ಕು ಫೋಟೋ ಜೊತೆಗೆ ಉತ್ತರ ಬಂತು. ಹೊರಗಿನವರು ಬಿಚ್ಚಿದ್ದಾರೆ, ನೀರು ತಡೆಯುವ ಸೀಲ್ ಹರಿದಿದೆ, ಬೇರೆ ಅಂಟು ಹಾಕಿದ್ದಾರೆ, ಒಳಗಿನ ಮೋಟರ್ ನಮ್ಮದಲ್ಲ, ವಾರಂಟಿ ರದ್ದು.

ಅಣ್ಣನ ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. ಆ ಫೋಟೋ ನೋಡಿ ಅವನು ಬಿಡಿಸಿ ಹೇಳಿದ. ಇಂಥ ವಾಚುಗಳಲ್ಲಿ ಎರಡು ಬಗೆಯ ಮೋಟರ್ ಹಾಕುತ್ತಾರಂತೆ. ಒಂದರಲ್ಲಿ ಸ್ಪ್ರಿಂಗಿಗೆ ಕಟ್ಟಿದ ಭಾರ ಹಿಂದೆ ಮುಂದೆ ಆಡುತ್ತದೆ. ಇನ್ನೊಂದು ನಾಣ್ಯದ ಹಾಗೆ ಚಪ್ಪಟೆ, ಅದರೊಳಗೆ ಒಂದೇ ಪಕ್ಕಕ್ಕೆ ತೂಗುವ ಭಾರ ಗಿರಗಿರ ತಿರುಗುತ್ತದೆ, ಆ ಓರೆ ತೂಕಕ್ಕೇ ವಾಚ್ ನಡುಗುವುದು. ನನ್ನದು ನಾಣ್ಯದ್ದು. ಅದರಲ್ಲಿ ಕರೆಂಟ್ ಮುಟ್ಟಿಸುವ ಸಣ್ಣ ಬ್ರಷ್ ಇರುತ್ತದೆ. ಅದು ಸವೆದರೆ ಅಥವಾ ತಂತಿ ಸಡಿಲವಾದರೆ ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ, ತಟ್ಟಿದರೆ ತಿರುಗುತ್ತದೆ. "ಅತ್ತೆ, ನಿಮಗೆ ಮೊದಲು ಆಗಿದ್ದು ಅದೇ ಇರಬೇಕು" ಎಂದ. ಕಂಪನಿಗೆ ಕಳಿಸಿದ್ದರೆ ಬದಲಾಯಿಸಿ ಕೊಡುವಂಥ ದೋಷ. ಹೊಸದಾಗಿ ಹಾಕಿದ್ದು ಯಾವುದೋ ಹಳೆ ಫೋನಿನದ್ದರ ಹಾಗೆ ಕಾಣುತ್ತದೆ ಎಂದೂ ಹೇಳಿದ.

ಚೀಟಿ ಹಿಡಿದುಕೊಂಡು ಮತ್ತೆ ಆ ಅಂಗಡಿಗೆ ಹೋದೆವು. ಈ ಸಲ ಮಾಲೀಕರೇ ಇದ್ದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಾವು ಕಂಪನಿಯವರು ಅಂತ ಯಾವಾಗ ಹೇಳಿದ್ವಿ? ಆ ಕಂಪನಿಯ ವಾಚ್ ರಿಪೇರಿ ಮಾಡ್ತೀವಿ ಅಂತ ಬೋರ್ಡ್ ಹಾಕಿದ್ದೀವಿ, ಅಷ್ಟೇ."

"ಬಿಚ್ಚುವಾಗ ಮೇಡಂ ಎದುರಿಗೇ ಇದ್ದರಲ್ಲ ಸಾರ್. ಸಹಿ ಕೂಡ ಅವರದ್ದೇ."

"ಮಳೆಯಲ್ಲಿ ಹಾಕ್ಕೊಂಡು ಓಡಿದರೆ ನಾವೇನು ಮಾಡೋಣ?"

ಆ ವಾಚು 5 ಎಟಿಎಂ. ಅಂದರೆ 50 ಮೀಟರ್ ನೀರಿನ ಒತ್ತಡ ತಡೆಯುತ್ತದೆ ಎಂದು ಪರೀಕ್ಷೆ ಮಾಡಿ ಕೊಟ್ಟದ್ದು. ಹೋದ ವರ್ಷ ಕೊಂಡ ಮೇಲೆ ಬಂದ ಮಳೆಯನ್ನೆಲ್ಲ ಅದು ತಡೆದಿದೆ. ಮಲೆನಾಡಿನಲ್ಲಿ ಮಳೆಗೆ ಹೆದರಿ ಕೂತರೆ ಜೂನಿಂದ ಸೆಪ್ಟೆಂಬರ್‌ವರೆಗೆ ಓಡುವುದೇ ಬೇಡ. ಒಮ್ಮೆ ಬಿಸಿ ಮಾಡಿ ಬಿಚ್ಚಿದ ಮೇಲೆ ಹೊಸ ಸೀಲ್ ಹಾಕಿ ಒತ್ತಡ ಪರೀಕ್ಷೆ ಮಾಡಬೇಕು. ಅದನ್ನು ಮಾಡದೆ ಅಂಟು ಬಳಿದು ಕೊಟ್ಟವರು ಇವರು. ತಪ್ಪು ಮಳೆಯದ್ದಂತೆ, ನನ್ನದಂತೆ!

ಇಷ್ಟೂ ಮಾತನ್ನು ಅವರು ಹೇಳಿದ್ದು ನಮ್ಮ ಮನೆಯವರ ಮುಖ ನೋಡಿಕೊಂಡು. ವಾಚ್ ನನ್ನದು, ಚೀಟಿ ನನ್ನ ಕೈಯಲ್ಲಿ, ಪ್ರಶ್ನೆ ಕೇಳಿದ್ದು ನಾನು. ಕಿವಿಯ ಮಷಿನ್ ಕಂಡ ಕೂಡಲೇ ಜನ ಪಕ್ಕದವರ ಜೊತೆ ಮಾತಾಡುತ್ತಾರೆ. "ಸಾರ್, ನಾನು ಇಲ್ಲೇ ಇದ್ದೇನೆ, ನನಗೆ ಹೇಳಿ" ಎಂದೆ. ಆಗ ನನ್ನ ಕಡೆ ತಿರುಗಿ, ಕೂಗಿ ಹೇಳಿದರು, "ವೈಬ್ರೇಷನ್ ಒಂದೇ ಅಲ್ವಾ ಮೇಡಂ ಹೋಗಿದ್ದು? ಫೋನ್ ರಿಂಗ್ ಜೋರಾಗಿ ಇಟ್ಕೊಳ್ಳಿ!" ಅಂಗಡಿಯಲ್ಲಿ ಇನ್ನೂ ಮೂರು ಜನ ಇದ್ದರು. ಎಲ್ಲರೂ ನೋಡಿದರು. ನನಗೆ ಮಾತು ಹೊರಡಲಿಲ್ಲ. ಹೊರಗೆ ಬಂದುಬಿಟ್ಟೆ.

ದುಡ್ಡು ಹೋಗಿದ್ದಕ್ಕಿಂತ ಆ ಮಾತೇ ಜಾಸ್ತಿ ಚುಚ್ಚಿತು. ಇವತ್ತಿಗೂ ಚುಚ್ಚುತ್ತದೆ.

ಮಾರಿದ ಅಂಗಡಿಗೂ ಹೋಗಿ ಕೇಳಿದೆ, ಯಾಕೆ ಅಲ್ಲಿಗೆ ಕಳಿಸಿದಿರಿ ಎಂದು. "ಎಲ್ಲರೂ ಅಲ್ಲಿಗೇ ಹೋಗ್ತಾರೆ ಮೇಡಂ" ಎಂದರು. ಎಲ್ಲರೂ ಹೋಗುತ್ತಾರೆ ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದು ಎಂದು ತೀರ್ಮಾನ ಮಾಡಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷ ಸಮಯ ಇದೆ. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕ ಇಲ್ಲ, ವಕೀಲರೇ ಬೇಕು ಎಂದೂ ಇಲ್ಲ. 1,450 ರೂಪಾಯಿಗೆ ಯಾಕೆ ಇಷ್ಟು ಓಡಾಟ ಎಂದು ಮನೆಯಲ್ಲಿ ಕೇಳಿದರು. ನಾನು ಬಿಡುವುದಿಲ್ಲ.

ನೀವು ಇಷ್ಟು ಮಾಡಿ. ವಾಚ್ ಕೆಟ್ಟ ದಿನವೇ ಕಂಪನಿಗೇ ನೇರ ಬರೆಯಿರಿ, ಅವರು ಹೇಳಿದ ಜಾಗ ಬಿಟ್ಟು ಬೇರೆ ಕಡೆ ಕೊಡಬೇಡಿ. ಜಾಬ್ ನಂಬರ್ ಮೊಬೈಲಿಗೆ ಬರುವ ತನಕ ವಾಚು ನಿಮ್ಮ ಕೈಯಲ್ಲೇ ಇರಲಿ. ವೈಬ್ರೇಷನ್ ಕೈಕೊಡುತ್ತಿದ್ದರೆ ವಿಡಿಯೋ ಮಾಡಿ, ಒಮ್ಮೆ ಬಂದು ಒಮ್ಮೆ ಹೋಗುವ ದೋಷ ಅವರ ಎದುರಿಗೆ ಕಾಣಿಸದೇ ಇರಬಹುದು. ಯಾರಾದರೂ ಬಿಚ್ಚಲು ಹೊರಟರೆ ಕೈ ಅಡ್ಡ ಹಾಕಿ. ಮುಲಾಜು ಬೇಡ.

ಅವರು ಕೊಟ್ಟ ಚೀಟಿಯ ಫೋಟೋವನ್ನು ಅವತ್ತೇ ತೆಗೆದಿಡಿ. ನಾನು ತೆಗೆದಿರಲಿಲ್ಲ. ಎರಡನೇ ಸಲ ಆ ಅಂಗಡಿಯಿಂದ ಹೊರಗೆ ಬಂದಾಗ ಜೋರು ಮಳೆ, ಚೀಟಿ ಕೈಯಲ್ಲೇ ಇತ್ತು. ಈಗ ಅದರಲ್ಲಿ ಓದಲು ಬರುವುದು ನನ್ನ ಸಹಿ ಮತ್ತು 1,450 ಎಂಬ ಅಂಕಿ.